ಅಂತರರಾಷ್ಟ್ರೀಯ ಕಾರ್ಮಿಕ ಕಾನೂನಿನ ಪೇಪರ್: ಟಾಪಿಕ್ ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನ ಒಂದು ಕಾನೂನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸಿನಾಪ್ಸಿಸ್, ಅಂದರೆ ಪೇಪರಿನ ರೂಪುರೇಷೆ, ಕೊಡುವ ವಾರ ಬಂತೆಂದರೆ ಸ್ಟಾಫ್ ರೂಮಿನ ಬಾಗಿಲಲ್ಲಿ ಸಾಲು. ಮುಖ ಹೊಸದು, ಪ್ರಶ್ನೆ ಹಳೆಯದು. ಹೇಳಿದ್ದನ್ನೇ ಹೇಳಿ ಗಂಟಲು ಒಣಗಿತು, ಅದಕ್ಕೇ ಬರೆದಿಟ್ಟೆ.

ಮೇಡಂ, ಒಂದು ಒಳ್ಳೆ ಟಾಪಿಕ್ ಹೇಳಿ.

ಹೇಳಲ್ಲ. ನಾನು ಹೇಳಿದ ಟಾಪಿಕ್ ಎರಡನೇ ವಾರಕ್ಕೆ ನಿಮಗೆ ಬೇಜಾರಾಗುತ್ತದೆ. ಆದರೆ ಟಾಪಿಕ್ ಅಂದರೆ ಏನು ಅಂತ ಹೇಳಬಲ್ಲೆ.

"ಬಾಲಕಾರ್ಮಿಕರು ಮತ್ತು ಅಂತರರಾಷ್ಟ್ರೀಯ ಕಾನೂನು" ಟಾಪಿಕ್ ಅಲ್ಲ. ಅದು ಲೈಬ್ರರಿಯ ಒಂದು ಕಪಾಟಿನ ಹೆಸರು. ಟಾಪಿಕ್ ಅಂದರೆ ಇವತ್ತು ನಿಮಗೆ ಉತ್ತರ ಗೊತ್ತಿಲ್ಲದ, ಆದರೆ ನಾಲ್ಕು ತಿಂಗಳು ಕೂತರೆ ಸಿಗಬಹುದಾದ ಒಂದು ಪ್ರಶ್ನೆ. ಅದೇ ಕಪಾಟಿನಿಂದ ಒಂದು ತೆಗೆಯೋಣ. ಕೆಲಸಕ್ಕೆ ಸೇರುವ ಕನಿಷ್ಠ ವಯಸ್ಸಿನ ಬಗ್ಗೆ, ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ (ಐಎಲ್‌ಒ) 1973ರ 138ನೇ ಒಡಂಬಡಿಕೆ ಇದೆ. ಇಲ್ಲಿ ನಂಬರಿನಿಂದ ಹೇಳುವ ಒಡಂಬಡಿಕೆಗಳೆಲ್ಲ ಐಎಲ್‌ಒದವೇ. ಭಾರತ ಅದನ್ನು ಒಪ್ಪಿದ್ದು 2017ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 2016ರಲ್ಲಿ, ನಮ್ಮ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿಯಾಯಿತು. 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ, ಆದರೆ ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಮನೆಯವರ ಉದ್ಯಮಕ್ಕೆ ಕೈ ಜೋಡಿಸಬಹುದು, ಅಪಾಯದ ಕೆಲಸ ಆಗಿರಬಾರದು ಅಷ್ಟೆ. ಈಗ ಕೇಳಿ: ಮನೆಯವರ ಉದ್ಯಮ ಎಂಬ ಈ ಕಿಂಡಿಗೆ 138ರಲ್ಲಿ ಜಾಗ ಇದೆಯಾ? ಮನೆಯಲ್ಲಿ ಕೂತು ಊದುಬತ್ತಿ ಹೊಸೆಯುವ ಹನ್ನೊಂದು ವರ್ಷದ ಹುಡುಗಿ ಯಾವ ಕಡೆ ಬೀಳುತ್ತಾಳೆ? ಇದು ಟಾಪಿಕ್.

ಸಿನಾಪ್ಸಿಸ್‌ನ ಮೊದಲ ಸಾಲಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಲು ಆಗದಿದ್ದರೆ ಇನ್ನೂ ಟಾಪಿಕ್ ಸಿಕ್ಕಿಲ್ಲ ಅಂತಲೇ ತಿಳಿಯಿರಿ.

"ಅಂತರರಾಷ್ಟ್ರೀಯ" ಅನ್ನಿಸಿಕೊಳ್ಳಲು ಎಷ್ಟು ವಿದೇಶ ಇರಬೇಕು?

ರಾಯಚೂರು, ಯಾದಗಿರಿಯಿಂದ ಬೆಂಗಳೂರಿಗೆ ಬಂದು ಕಟ್ಟಡದ ಕೆಲಸ ಮಾಡುವವರ ಬಗ್ಗೆ ಒಬ್ಬ ಹುಡುಗ ಬಹಳ ಚೆನ್ನಾಗಿ ಬರೆದಿದ್ದ. ಶೆಡ್ಡುಗಳಿಗೆ ಹೋಗಿ ಬಂದಿದ್ದ, ಮೇಸ್ತ್ರಿಗಳ ಜೊತೆ ಮಾತಾಡಿದ್ದ. ಆದರೆ ಇಡೀ ಪೇಪರಿನಲ್ಲಿ ಅಂತರರಾಷ್ಟ್ರೀಯ ಅನ್ನುವಂಥದ್ದು ಮುನ್ನುಡಿಯ ಒಂದು ಪ್ಯಾರಾ ಮಾತ್ರ. ಉಳಿದದ್ದೆಲ್ಲ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ. ಅದಾದರೂ ರಾಜ್ಯದ ಗಡಿ ದಾಟಿದವರಿಗೆ, ಯಾದಗಿರಿಯವರಿಗೆ ಅಲ್ಲ.

ಗಡಿಯನ್ನು ಏನೋ ಒಂದು ದಾಟಿರಬೇಕು. ಕೆಲಸಗಾರ ದಾಟಿರಬಹುದು: ದೇವನಹಳ್ಳಿಯಲ್ಲಿ ವಿಮಾನ ಹತ್ತಿ ಕೊಲ್ಲಿ ದೇಶಕ್ಕೆ ಹೋದವನು, ಅವನ ಹಿಂದೆ 1983ರ ಎಮಿಗ್ರೇಷನ್ ಕಾಯ್ದೆ, ಮುಂದೆ ಕೆಲಸಗಾರನ ವೀಸಾವನ್ನು ಮಾಲೀಕನಿಗೆ ಕಟ್ಟಿಹಾಕುವ ಅಲ್ಲಿಯ ಕಫಾಲಾ ಪದ್ಧತಿ. ಸಾಮಾನು ದಾಟಿರಬಹುದು: ಪೀಣ್ಯದಲ್ಲಿ ಹೊಲಿದ ಅಂಗಿ ಜರ್ಮನಿಯಲ್ಲಿ ಮಾರಾಟವಾದರೆ, 2023ರ ಜನವರಿಯಿಂದ ಜಾರಿಯಲ್ಲಿರುವ ಆ ದೇಶದ ಸರಬರಾಜು ಸರಪಳಿ ಕಾನೂನು ಪೀಣ್ಯದ ಕಡೆಗೂ ತಿರುಗಿ ನೋಡುತ್ತದೆ. ಅಥವಾ ನಿಯಮ ದಾಟಿ ಬಂದಿರಬಹುದು: ಜಿನೀವಾದಲ್ಲಿ ಬರೆದದ್ದನ್ನು ದೆಹಲಿ ಒಪ್ಪಿಕೊಂಡು ಬೆಂಗಳೂರಿನಲ್ಲಿ ಜಾರಿ ಮಾಡಬೇಕಾದದ್ದು. ಮೂರರಲ್ಲಿ ಒಂದೂ ಇಲ್ಲದಿದ್ದರೆ ನಿಮ್ಮದು ಒಳ್ಳೆಯ ಪೇಪರೇ ಇರಬಹುದು, ಈ ಸಬ್ಜೆಕ್ಟ್‌ನದ್ದಲ್ಲ.

ಭಾರತ ಒಡಂಬಡಿಕೆಗೆ ಒಪ್ಪಿದೆಯೋ ಇಲ್ಲವೋ ಎಂಬುದು ಅಷ್ಟು ಮುಖ್ಯವೇ?

ನನ್ನ ಕಥೆ ಮೊದಲು. ಎಲ್‌ಎಲ್‌ಎಂ ಮಾಡುವಾಗ 87ನೇ ಒಡಂಬಡಿಕೆಯನ್ನು, ಅಂದರೆ ಸಂಘ ಕಟ್ಟುವ ಹಕ್ಕಿನದ್ದನ್ನು, ಭಾರತ ಹೇಗೆಲ್ಲ ಉಲ್ಲಂಘಿಸುತ್ತಿದೆ ಅಂತ ಅರವತ್ತು ಪುಟ ಬರೆದಿದ್ದೆ. ವೈವಾದಲ್ಲಿ ಹೊರಗಿನಿಂದ ಬಂದಿದ್ದ ಮೇಷ್ಟ್ರು ಕನ್ನಡಕ ತೆಗೆದು ಕೇಳಿದರು: "ಸರಿ ಕಣಮ್ಮ, ಭಾರತ ಇದಕ್ಕೆ ಸಹಿ ಹಾಕಿದ್ದು ಯಾವಾಗ?" ಹಾಕಿಯೇ ಇರಲಿಲ್ಲ! 1948ರ 87ನ್ನಾಗಲಿ, ಸಾಮೂಹಿಕ ಚೌಕಾಸಿಯ 1949ರ 98ನ್ನಾಗಲಿ ಭಾರತ ರಾಟಿಫೈ ಮಾಡಿಲ್ಲ, ಅಂದರೆ ಒಪ್ಪಿ ಅದಕ್ಕೆ ಬದ್ಧವಾಗಿಲ್ಲ. ಕಟ್ಟದ ಮನೆಗೆ ಬಾಡಿಗೆ ಕೇಳಿದ ಹಾಗಾಗಿತ್ತು ನನ್ನ ಪೇಪರ್.

ಹಾಗಂತ ಒಪ್ಪದಿದ್ದರೆ ಕಥೆ ಮುಗಿಯಿತು ಅಂತಲ್ಲ. ಐಎಲ್‌ಒದ 1998ರ ಘೋಷಣೆಯ ಪ್ರಕಾರ ಮೂಲಭೂತ ತತ್ವಗಳನ್ನು ಗೌರವಿಸುವುದು ಸದಸ್ಯ ದೇಶಗಳಿಗೆಲ್ಲ ಬಾಧ್ಯತೆ. ರಾಟಿಫೈ ಮಾಡದಿದ್ದರೂ ಸರಿ, ಸದಸ್ಯತ್ವದಿಂದಲೇ ಅದು ಬರುತ್ತದೆ. 1951ರಲ್ಲಿ ಶುರುವಾದ ಐಎಲ್‌ಒದ ಸಂಘ ಸ್ವಾತಂತ್ರ್ಯ ಸಮಿತಿಗೂ ಅಷ್ಟೆ, ದೂರು ತೆಗೆದುಕೊಳ್ಳಲು ರಾಟಿಫಿಕೇಷನ್ ಬೇಕಿಲ್ಲ. ಭಾರತದ ಮೇಲಿನ ದೂರುಗಳೂ ಅಲ್ಲಿವೆ. ನಾನು ಆ ದಾರಿಯಲ್ಲಿ ಬರೆದಿದ್ದರೆ ಪೇಪರ್ ನಿಲ್ಲುತ್ತಿತ್ತು.

ಇನ್ನು ಒಪ್ಪಿದ್ದೇವೆ ಅಂತ ಕಂಡ ಕೂಡಲೇ ಕುಣಿಯಲೂ ಹೋಗಬೇಡಿ. 2023ರಲ್ಲಿ ಕರ್ನಾಟಕ ಫ್ಯಾಕ್ಟರಿ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆವರೆಗೆ ದುಡಿಸಲು ದಾರಿ ಮಾಡಿತು. ಮೂರು ತಿಂಗಳಿಗೆ 75 ಗಂಟೆ ಇದ್ದ ಓವರ್‌ಟೈಮ್ ಮಿತಿ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಒಬ್ಬಳು ವಿದ್ಯಾರ್ಥಿನಿ ಓಡಿ ಬಂದಳು. "ಮೇಡಂ, 1919ರ ಒಂದನೇ ಒಡಂಬಡಿಕೆಯೇ ದಿನಕ್ಕೆ ಎಂಟು ಗಂಟೆ ಅನ್ನುತ್ತದೆ, ಭಾರತ 1921ರಲ್ಲೇ ಒಪ್ಪಿದೆ, ಸಿಕ್ಕಿಬಿದ್ದರು!" ಹತ್ತನೇ ವಿಧಿ ಓದು ಅಂದೆ. ಅಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ಅಂತಲೇ ಬೇರೆ ಲೆಕ್ಕ ಇದೆ: ವಾರಕ್ಕೆ 60 ಗಂಟೆ. ಎಂಟು ಗಂಟೆಯ ನಿಯಮ ನಮಗೆ ಅಂಟುವುದೇ ಇಲ್ಲ. ಹುಡುಗಿಯ ಮುಖ ಇಳಿಯಿತು. ಆದರೆ ವಾರದ ನಂತರ ಅವಳೇ ಅದಕ್ಕಿಂತ ಚೆಂದದ ಪ್ರಶ್ನೆ ತಂದಳು: ವಸಾಹತು ಕಾಲದಲ್ಲಿ ನಮ್ಮ ಕೆಲಸಗಾರರಿಗೆ ಅಂತ ಮಾಡಿದ ರಿಯಾಯಿತಿ ಇವತ್ತಿಗೂ ಭಾರತದ ಬಾಧ್ಯತೆಯ ಅಳತೆಗೋಲಾಗಿ ಉಳಿದದ್ದು ಹೇಗೆ? ಆ ಬ್ಯಾಚಿನಲ್ಲಿ ನಾನು ಓದಿದ ಅತ್ಯುತ್ತಮ ಪೇಪರ್ ಅದು.

ಹಾಗಾಗಿ ಕ್ರಮ ಹೀಗಿರಲಿ. ಬೀದಿಯಲ್ಲಿ ಏನೋ ಕಂಡಿರಿ, ಕೋಪ ಬಂತು, ಒಳ್ಳೆಯದು. ಕೂಡಲೇ ಬರೆಯಬೇಡಿ. ಒಡಂಬಡಿಕೆಯ ಪೂರ್ತಿ ಪಠ್ಯ ಓದಿ, ಸಣ್ಣ ವಿನಾಯಿತಿಗಳನ್ನೂ ಬಿಡದೆ. ಆಮೇಲೆ ರಾಟಿಫಿಕೇಷನ್ ಪಟ್ಟಿ ತೆರೆದು ಭಾರತದ ಹೆಸರಿನ ಪಕ್ಕದ ಟಿಪ್ಪಣಿ ನೋಡಿ. ಹೆಚ್ಚಿನ ಪೇಪರುಗಳು ಉಳಿಯುವುದೂ ಸಾಯುವುದೂ ಆ ಟಿಪ್ಪಣಿಯಲ್ಲಿ.

ಎಲ್ಲರೂ ಗಿಗ್ ವರ್ಕರ್ಸ್ ಬಗ್ಗೆಯೇ ಬರೆಯುತ್ತಿದ್ದಾರೆ. ನಾನೂ ಬರೆಯಬಹುದಾ?

ಬರೆಯಿರಿ. ಊಟ ತರುವ ಹುಡುಗ ಗೇಟಿನ ಹತ್ತಿರ ನಿಂತಿರುವಾಗ ಟಾಪಿಕ್ ಎಲ್ಲೋ ಹುಡುಕಬೇಕಾ? ಆದರೆ "ಅವರು ನೌಕರರೋ ಅಲ್ಲವೋ" ಅಂತ ಮಾತ್ರ ದಯವಿಟ್ಟು ಬರೆಯಬೇಡಿ. ಚಾಲಕರೂ ಕಾರ್ಮಿಕರೇ ಎಂದ 2021ರ ಬ್ರಿಟನ್ ಸುಪ್ರೀಂ ಕೋರ್ಟಿನ ಊಬರ್ ತೀರ್ಪು ಹೇಳಿ, ಭಾರತದಲ್ಲೂ ಹಾಗೇ ಆಗಬೇಕು ಅಂತ ಮುಗಿಸುವ ಪೇಪರ್ ನನ್ನ ಮೇಜಿನ ಮೇಲೆ ಪ್ರತಿ ವರ್ಷ ಕಡಿಮೆ ಅಂದರೆ ಐದು ಇರುತ್ತವೆ.

ಕರ್ನಾಟಕ ಆ ಜಗಳವನ್ನು ಪಕ್ಕಕ್ಕಿಟ್ಟು ಬೇರೆ ದಾರಿ ಹಿಡಿಯಿತು. ಮೊದಲು 2023ರಲ್ಲಿ ರಾಜಸ್ಥಾನ ಕಾಯ್ದೆ ಮಾಡಿತ್ತು, 2025ರಲ್ಲಿ ನಮ್ಮದು ಬಂತು. ಕೆಲಸಗಾರನಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇಕಡ 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಅದಕ್ಕೊಂದು ಮಂಡಳಿ. ಆ್ಯಪ್ ಯಾವ ಲೆಕ್ಕದಲ್ಲಿ ಕೆಲಸ ಹಂಚುತ್ತದೆ ಎಂದು ತಿಳಿಯುವ ಹಕ್ಕಿನ ಮಾತೂ ಇದೆ. ಇತ್ತ 2024ರಲ್ಲಿ ಐರೋಪ್ಯ ಒಕ್ಕೂಟ ಪ್ಲಾಟ್‌ಫಾರ್ಮ್ ಕೆಲಸದ ಮೇಲೆ ನಿರ್ದೇಶನ ಹೊರಡಿಸಿತು. 2025ರ ಜೂನ್‌ನಲ್ಲಿ ಐಎಲ್‌ಒದ ಜಿನೀವಾ ಸಮ್ಮೇಳನದಲ್ಲಿ ನಡೆದ ಚರ್ಚೆಯ ಮೊದಲ ಸುತ್ತಿನಲ್ಲಿ, ಈ ಕೆಲಸಕ್ಕೆ ಒಡಂಬಡಿಕೆಯೂ ಬೇಕು, ಜೊತೆಗೆ ಶಿಫಾರಸೂ ಬೇಕು ಎಂದು ತೀರ್ಮಾನವಾಗಿ, ಎರಡನೇ ಸುತ್ತು 2026ಕ್ಕೆ ನಿಗದಿಯಾಯಿತು. ಈ ಮೂರನ್ನು ಅಕ್ಕಪಕ್ಕ ಇಟ್ಟು ಒಂದೇ ಒಂದು ಎಳೆ ಹಿಡಿಯಿರಿ. ಆ್ಯಪ್‌ನಲ್ಲಿ ಕೆಲಸಗಾರನ ಐಡಿ ಬ್ಲಾಕ್ ಮಾಡುವ ಮೊದಲು ನೋಟಿಸ್ ಕೊಡಬೇಕಾ, ಕಾರಣ ಹೇಳಬೇಕಾದದ್ದು ಮನುಷ್ಯನಾ ಯಂತ್ರವಾ? ಅಷ್ಟೇ ಸಾಕು, ಪುಟ ತುಂಬುತ್ತದೆ.

ಐಟಿ ಕಂಪನಿಗಳಿಗೂ ಜಿನೀವಾಕ್ಕೂ ಏನು ಸಂಬಂಧ?

ಇದನ್ನು ಯಾರೂ ಕೇಳಲ್ಲ. ಕೇಳಲಿ ಅಂತ ನಾನೇ ಸೇರಿಸಿದೆ.

1947ರ 81ನೇ ಒಡಂಬಡಿಕೆ ಕಾರ್ಮಿಕ ತಪಾಸಣೆಯದ್ದು. ಇನ್‌ಸ್ಪೆಕ್ಟರ್ ಮುಂಚೆ ಹೇಳದೆ ಕೆಲಸದ ಜಾಗಕ್ಕೆ ಹೋಗಬಹುದು ಅನ್ನುವಂಥ ನಿಯಮಗಳು ಇದರಲ್ಲಿವೆ. ಭಾರತ 1949ರಲ್ಲಿ ಒಪ್ಪಿತು, ಆದರೆ ವಾಣಿಜ್ಯ ಸಂಸ್ಥೆಗಳ ಎರಡನೇ ಭಾಗವನ್ನು ಹೊರಗಿಟ್ಟು. ಅದೇ, ಪಕ್ಕದ ಟಿಪ್ಪಣಿ! ಹಾಗಿದ್ದೂ, ಒಪ್ಪಿದ್ದು ಪಾಲನೆಯಾಗುತ್ತಿದೆಯಾ ಅಂತ ನೋಡುವ ಐಎಲ್‌ಒ ತಜ್ಞರ ಸಮಿತಿ ಭಾರತಕ್ಕೆ ಬರೆದ ಟಿಪ್ಪಣಿಗಳಲ್ಲಿ ವಿಶೇಷ ಆರ್ಥಿಕ ವಲಯ ಮತ್ತು ಐಟಿ ಕ್ಷೇತ್ರದ ತಪಾಸಣೆಯ ವಿವರ ಕೇಳಿದೆ. ಇತ್ತ ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ, ಕೆಲಸದ ಷರತ್ತುಗಳನ್ನು ಬರೆದಿಡಬೇಕು ಅನ್ನುವ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ ವರ್ಷಗಟ್ಟಲೆ ವಿನಾಯಿತಿ ಮುಂದುವರಿದುಕೊಂಡು ಬಂತು. ದೂರು ಸಮಿತಿ ಇಡಬೇಕು, ಲೈಂಗಿಕ ಕಿರುಕುಳದ ಆಂತರಿಕ ಸಮಿತಿ ಇರಬೇಕು ಎಂಬ ಷರತ್ತುಗಳಿದ್ದವು. ಆ ಷರತ್ತು ಪಾಲನೆಯಾಗಿದೆಯಾ ಅಂತ ನೋಡಿದ್ದು ಯಾರು, ಯಾವಾಗ? ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡ 81ರ ಲೆಕ್ಕದಲ್ಲಿ ಕೈಗಾರಿಕೆಯೋ ವಾಣಿಜ್ಯವೋ? ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಬೇಸರ ಇಲ್ಲದವರು ಇದನ್ನು ಎತ್ತಿಕೊಳ್ಳಿ.

ಗಾರ್ಮೆಂಟ್ಸ್, ಮನೆಗೆಲಸ: ಇವು ಹಳಸಲು ಟಾಪಿಕ್‌ಗಳಾ?

ಹಳಸಿರುವುದು ಬರೆಯುವ ರೀತಿ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬಿಗಿ ಮಾಡಿದ್ದಕ್ಕೆ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದರು. ಕೇಂದ್ರ ಸರ್ಕಾರ ನಿಯಮ ವಾಪಸ್ ಪಡೆಯಿತು. ಹೆಚ್ಚಿನವರು ಯಾವ ಯೂನಿಯನ್ನಿನಲ್ಲೂ ಇರಲಿಲ್ಲ. ಸಂಘವೇ ಇಲ್ಲದ ಹೋರಾಟವನ್ನು ಸಂಘ ಸ್ವಾತಂತ್ರ್ಯದ ಕಾನೂನು ಹೇಗೆ ನೋಡುತ್ತದೆ ಅಂತ ಬರೆದವರು ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತ ಮೇಲೆ ಬ್ರ್ಯಾಂಡುಗಳೂ ಯೂನಿಯನ್ನುಗಳೂ ಕಾನೂನಿಗೆ ಬದ್ಧವಾದ ಒಪ್ಪಂದ ಮಾಡಿಕೊಂಡವು. ಅಂಥದ್ದು ನಮ್ಮಲ್ಲಿ ಬರಲು ಒಂದು ಕಟ್ಟಡ ಬೀಳಲೇಬೇಕಾ ಅನ್ನುವುದೂ ಕೇಳಬಹುದಾದ ಪ್ರಶ್ನೆಯೇ.

ಮನೆಗೆಲಸಕ್ಕೆ 2011ರ 189ನೇ ಒಡಂಬಡಿಕೆ. ಭಾರತ ಒಪ್ಪಿಲ್ಲ. ಕರ್ನಾಟಕ ಮಾತ್ರ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ಕೂಲಿ ನಿಗದಿ ಮಾಡಿತ್ತು. ಅದು ಸಿಗುತ್ತಿದೆಯಾ ಅಂತ ನೋಡಲು ಇನ್‌ಸ್ಪೆಕ್ಟರ್ ಅಪಾರ್ಟ್‌ಮೆಂಟಿನ ಏಳನೇ ಮಹಡಿಗೆ ಹೋಗಿ ಬೆಲ್ ಒತ್ತಬಹುದಾ? 189ರ 17ನೇ ವಿಧಿ ಈ ಗಂಟನ್ನೇ ಮುಟ್ಟುತ್ತದೆ, ಮನೆಯ ಖಾಸಗಿತನವನ್ನೂ ನೆನಪಿಸುತ್ತದೆ.

ಕಾಗದಪತ್ರ ಎಲ್ಲಿ ಸಿಗುತ್ತದೆ? ಚಂದಾ ಕಟ್ಟಬೇಕಾ?

ಮುಖ್ಯವಾದದ್ದೆಲ್ಲ ಪುಕ್ಕಟೆ. ಐಎಲ್‌ಒದ ನಾರ್ಮ್‌ಲೆಕ್ಸ್ ತಾಣದಲ್ಲಿ ಭಾರತದ ಪುಟ ತೆರೆಯಿರಿ. ಯಾವುದಕ್ಕೆ ಒಪ್ಪಿದೆ, ಯಾವುದಕ್ಕಿಲ್ಲ, ಸಮಿತಿ ಏನು ಹೇಳಿದೆ, ಎಲ್ಲ ಅಲ್ಲೇ ಇದೆ. ತಜ್ಞರ ಸಮಿತಿಯ ಮಾತು ಎರಡು ಬಗೆ. ಗಂಭೀರವಾದದ್ದು ಅಬ್ಸರ್ವೇಷನ್, ಅದು ಸಮಿತಿಯ ವಾರ್ಷಿಕ ವರದಿಯಲ್ಲಿ ಅಚ್ಚಾಗುತ್ತದೆ. ವಿವರ ಕೇಳುವುದು ಡೈರೆಕ್ಟ್ ರಿಕ್ವೆಸ್ಟ್, ಅದು ನೇರವಾಗಿ ಸರ್ಕಾರಕ್ಕೆ ಹೋಗುತ್ತದೆ. ವಿದ್ಯಾರ್ಥಿಗಳು ಮೊದಲನೆಯದನ್ನೇ ಓದುತ್ತಾರೆ, ಚಿನ್ನ ಇರುವುದು ಎರಡನೆಯದರಲ್ಲಿ. ಒಂದೇ ಪ್ರಶ್ನೆಯನ್ನು ಸಮಿತಿ ವರ್ಷ ವರ್ಷ ಕೇಳುವುದು, ಸರ್ಕಾರ ಪಕ್ಕದ ಪ್ರಶ್ನೆಗೆ ಉತ್ತರಿಸುವುದು: ಓದುತ್ತಾ ಹೋದರೆ ಧಾರಾವಾಹಿ ಇದ್ದ ಹಾಗೆ. ಮಲ ಹೊರುವ ಪದ್ಧತಿಯ ಬಗ್ಗೆ ತಾರತಮ್ಯ ವಿರೋಧಿ 111ನೇ ಒಡಂಬಡಿಕೆಯ ಅಡಿಯಲ್ಲಿ ಭಾರತಕ್ಕೆ ಬಂದಿರುವ ಟಿಪ್ಪಣಿಗಳನ್ನು ಸಾಲಾಗಿ ಓದಿ ನೋಡಿ. ನಮ್ಮ ಪೌರಕಾರ್ಮಿಕರ ಬಗ್ಗೆ ಬರೆಯುವವರಿಗೆ ಅದೇ ಸರಿಯಾದ ಬಾಗಿಲು.

ತೀರ್ಪುಗಳಿಗೆ ಇಂಡಿಯನ್ ಕಾನೂನ್ ತಾಣ, ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ. ನಾಗರಭಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆಯ ಲೈಬ್ರರಿ ಇದೆ, ಅದೇ ಕಡೆ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅಂದರೆ ಐಸೆಕ್ ಕೂಡ. ಹೊರಗಿನವರಿಗೆ ಪ್ರವೇಶದ ನಿಯಮ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ, ಕಾಲೇಜಿನ ಪತ್ರ ಕೈಯಲ್ಲಿರಲಿ. ರಾಜ್ಯದ ಅಧಿಸೂಚನೆ ಬೇಕಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ. ಬೆಳಗ್ಗೆಯೇ ಹೋಗಿ, ಊಟದ ಹೊತ್ತಿಗಲ್ಲ.

ತಜ್ಞರ ಸಮಿತಿ ಹೇಳಿದ್ದೇ ಕಾನೂನಾ?

ಇದರ ಮೇಲೆ ದೊಡ್ಡ ಜಗಳವೇ ಇದೆ. 87ನೇ ಒಡಂಬಡಿಕೆಯಲ್ಲಿ ಮುಷ್ಕರ ಎಂಬ ಪದವೇ ಇಲ್ಲ. ಸಂಘ ಕಟ್ಟುವ ಹಕ್ಕಿನೊಳಗೆ ಮುಷ್ಕರದ ಹಕ್ಕೂ ಸೇರಿದೆ ಅಂತ ಸಮಿತಿ ದಶಕಗಳಿಂದ ಹೇಳುತ್ತಾ ಬಂತು. 2012ರಲ್ಲಿ ಐಎಲ್‌ಒ ಒಳಗಿನ ಮಾಲೀಕರ ಬಣ ತಿರುಗಿಬಿತ್ತು: ಅರ್ಥ ಹೇಳಲು ನೀವು ಯಾರು ಅಂತ. ಕೊನೆಗೆ 2023ರ ನವೆಂಬರ್‌ನಲ್ಲಿ ಐಎಲ್‌ಒ ಆಡಳಿತ ಮಂಡಳಿ ಪ್ರಶ್ನೆಯನ್ನು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೇ ಕಳಿಸಿತು. ನೀವು ಬರೆಯುವ ದಿನ ಅದು ಎಲ್ಲಿಗೆ ಬಂದಿದೆ ಅಂತ ನೋಡಿಕೊಂಡೇ ಬರೆಯಿರಿ.

ನಮ್ಮ ಕಡೆಯಿಂದ ಇದಕ್ಕೆ ಒಳ್ಳೆಯ ಸಾಮಗ್ರಿ ಇದೆ. 2003ರ ಟಿ.ಕೆ. ರಂಗರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಿ ನೌಕರರಿಗೆ ಮುಷ್ಕರದ ಮೂಲಭೂತ ಹಕ್ಕಿಲ್ಲ ಅಂದಿತು. ಆದರೆ 1979ರಲ್ಲಿ ಭಾರತ ಒಪ್ಪಿದ, ವಿಶ್ವಸಂಸ್ಥೆಯ ಆರ್ಥಿಕ, ಸಾಮಾಜಿಕ ಹಕ್ಕುಗಳ ಒಪ್ಪಂದದ ಎಂಟನೇ ವಿಧಿಯಲ್ಲಿ ಮುಷ್ಕರದ ಹಕ್ಕು ಅಂತ ಸ್ಪಷ್ಟವಾಗಿದೆ. ಕುಣಿಯಬೇಡಿ ಅಂದೆನಲ್ಲ? ಅಲ್ಲೂ ಪಕ್ಕದಲ್ಲಿ ಟಿಪ್ಪಣಿ ಇದೆ: ನಮ್ಮ ಸಂವಿಧಾನದ 19ನೇ ವಿಧಿಗೆ ಹೊಂದುವಂತೆ ಮಾತ್ರ ಅನ್ವಯಿಸುತ್ತೇವೆ ಅಂತ.

ಹಳೆ ಕಾಯ್ದೆ ಉಲ್ಲೇಖಿಸಬೇಕಾ, ಹೊಸ ಸಂಹಿತೆಯನ್ನಾ?

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು, 29 ಕಾಯ್ದೆಗಳು ಅವುಗಳೊಳಗೆ ಸೇರಿದವು. ಮೇಲೆ ಹೇಳಿದ ಫ್ಯಾಕ್ಟರಿ ಕಾಯ್ದೆ, ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆ, ಅಂತರರಾಜ್ಯ ವಲಸೆ ಕಾಯ್ದೆ ಎಲ್ಲವೂ ಆ ಪಟ್ಟಿಯಲ್ಲಿವೆ. ಘಟನೆ ನಡೆದಾಗ ಯಾವುದು ಜಾರಿಯಲ್ಲಿತ್ತೋ ಅದನ್ನು ಉಲ್ಲೇಖಿಸಿ, ಈಗ ಅದರ ಜಾಗದಲ್ಲಿ ಏನಿದೆ ಅಂತ ಒಂದು ಸಾಲು ಬರೆಯಿರಿ. ಹಳೆ ತೀರ್ಪುಗಳನ್ನು ಎಸೆಯಬೇಡಿ. "ಕೈಗಾರಿಕೆ" ಅಂದರೆ ಏನು ಅಂತ ದೇಶಕ್ಕೆಲ್ಲ ಪಾಠವಾದದ್ದು 1978ರ ನಮ್ಮ ಬೆಂಗಳೂರು ಜಲಮಂಡಳಿಯ ಪ್ರಕರಣ. ಹೊಸ ಸಂಹಿತೆಯ ವ್ಯಾಖ್ಯಾನ ಅದರಿಂದ ಎಲ್ಲಿ ದೂರ ಸರಿದಿದೆ ಅನ್ನುವುದೇ ಒಂದು ಪೇಪರ್.

ಕಾರ್ಮಿಕರನ್ನು ಮಾತಾಡಿಸಬೇಕಾ?

ಪ್ರಶ್ನೆಗೆ ಬೇಕಿದ್ದರೆ ಮಾತ್ರ. ಸುಮ್ನೆ ಅಲಂಕಾರಕ್ಕೆ ಹತ್ತು ಜನರ ಮಾತು ಸೇರಿಸಬೇಡಿ. ಹೋಗುವುದಾದರೆ ಫ್ಯಾಕ್ಟರಿ ಗೇಟಿನಲ್ಲಿ ನಿಂತು ಕೇಳಬೇಡಿ, ಒಳಗಿನವರು ನೋಡುತ್ತಿರುತ್ತಾರೆ, ನಾಳೆ ಆಕೆಯ ಕೆಲಸಕ್ಕೆ ಕುತ್ತು. ಭಾನುವಾರ ಮನೆ ಹತ್ತಿರ ಹೋಗಿ. "ಅಕ್ಕ, ಇದರಿಂದ ನಿಮಗೇನೂ ಲಾಭ ಇಲ್ಲ, ಬೇಡ ಅಂದರೆ ಬೇಡ" ಅಂತ ಮೊದಲೇ ಹೇಳಿಬಿಡಿ. ಹೆಸರು, ಲೈನ್ ನಂಬರು, ಊರು ಯಾವುದನ್ನೂ ಬರೆಯಬೇಡಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವ ಮುಂಚೆ ಕೇಳಿ. ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಬೇಕಾ ಅಂತ ಗೈಡ್ ಹತ್ತಿರ ವಿಚಾರಿಸಿ.

ಎಐ ಹತ್ತಿರ ಕೇಳಬಹುದಾ?

ಕೇಳಿ, ನಂಬಬೇಡಿ. ಹೋದ ವರ್ಷ ಒಂದು ಪೇಪರಿನಲ್ಲಿ ಚೆಂದದ ಹೆಸರಿನ ಹೈಕೋರ್ಟ್ ತೀರ್ಪೊಂದಿತ್ತು, ಸಂಖ್ಯೆ ಸಮೇತ. ಹುಡುಕಿದೆ, ಅಂಥ ತೀರ್ಪೇ ಇಲ್ಲ. ಅಡಿಟಿಪ್ಪಣಿಯಲ್ಲಿ ಇರುವುದನ್ನೆಲ್ಲ ನೀವು ಕಣ್ಣಾರೆ ತೆರೆದು ನೋಡಿರಬೇಕು.

ಕನ್ನಡದಲ್ಲಿ ಬರೆಯಬಹುದಾ?

ಕಾಲೇಜು ಒಪ್ಪಿದರೆ ಖಂಡಿತ. ಕನ್ವೆನ್ಷನ್‌ಗೆ ಒಡಂಬಡಿಕೆ ಚೆನ್ನಾಗಿ ಒಗ್ಗುತ್ತದೆ. ರಾಟಿಫಿಕೇಷನ್‌ಗೆ ಕೆಲವರು ಸ್ಥಿರೀಕರಣ ಅನ್ನುತ್ತಾರೆ, ಕೆಲವರು ಅನುಮೋದನೆ. ಒಂದನ್ನು ಆರಿಸಿ ಕೊನೆವರೆಗೂ ಅದನ್ನೇ ಬಳಸಿ. ನಾನು ರಾಟಿಫೈ ಅಂತಲೇ ಬಿಟ್ಟಿದ್ದೇನೆ, ನೋಡಿದಿರಲ್ಲ. ಲಾಭ ಏನು ಗೊತ್ತಾ? "ಕಾಂಪ್ರಹೆನ್ಸಿವ್ ಫ್ರೇಮ್‌ವರ್ಕ್" ಥರದ ಪದಗಳ ಹಿಂದೆ ಅಡಗಲು ಆಗಲ್ಲ. ಅರ್ಥವಾಗದ್ದನ್ನು ಕನ್ನಡದಲ್ಲಿ ಬರೆದರೆ ಅರ್ಥವಾಗಿಲ್ಲ ಅಂತ ಮೂರನೇ ಸಾಲಿಗೇ ಗೊತ್ತಾಗಿಬಿಡುತ್ತದೆ.

ಅರ್ಧ ದಾರಿಗೆ ಬಂದ ಮೇಲೆ ಟಾಪಿಕ್ ತಪ್ಪು ಅನ್ನಿಸಿದರೆ?

ಟಾಪಿಕ್ ಬಿಡಬೇಡಿ, ಪ್ರಶ್ನೆ ಬದಲಿಸಿ. ಒಂದನೇ ಒಡಂಬಡಿಕೆಯ ಹುಡುಗಿ ಮಾಡಿದ್ದು ಅದನ್ನೇ. ಓದಿದ್ದು ಯಾವುದೂ ದಂಡವಾಗಲಿಲ್ಲ, ತಲೆಬರಹ ಮಾತ್ರ ಬದಲಾಯಿತು. ಆದರೆ ಸಲ್ಲಿಸಲು ಮೂರು ವಾರವೂ ಇಲ್ಲದಿದ್ದರೆ ಈ ಸಾಹಸ ಬೇಡ. ಸಿಕ್ಕ ಉತ್ತರ "ಇಲ್ಲ" ಅಂತಾಗಿದ್ದರೆ "ಇಲ್ಲ" ಅಂತಲೇ ಬರೆದು, ಯಾಕೆ ಇಲ್ಲ ಅಂತ ತೋರಿಸಿ. ಅದಕ್ಕೂ ಅಂಕ ಕೊಡುತ್ತೇನೆ. ಮತ್ತೆ, ಸ್ಟಾಫ್ ರೂಮಿಗೆ ಬರುವಾಗ ಒಡಂಬಡಿಕೆಯ ಪ್ರಿಂಟ್‌ಔಟ್ ತನ್ನಿ. ಮೊಬೈಲಿನಲ್ಲಿ ತೋರಿಸಿದರೆ ನನಗೆ ಕಾಣಲ್ಲ.